ಹೆಸರು ಹಾಕಿದ ಪೆಟ್ಟಿಗೆ

ಬಾಡಿಗೆ ಕಾರುಗಳಿಗೆ ಬ್ಯಾಟರಿ ಕೊಡುವ ಕಂಪನಿ ಮುಚ್ಚುತ್ತದೆಂಬ ಸುದ್ದಿ ಶುಕ್ರವಾರ ಬೆಳಗ್ಗೆ ಬಂತು. ಮಿಕ್ಕ ಡ್ರೈವರುಗಳೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರೆ, ಬೆಳಗೊಳದ ಮರಿಸ್ವಾಮಿ ಒಂದೇ ಪ್ರಶ್ನೆ ಕೇಳಿದ. ಬ್ಯಾಟರಿಗಳನ್ನು ಒಯ್ಯುವ ಲಾರಿ ಯಾವಾಗ ಬರುತ್ತದೆ ಎಂದ. ಭಾನುವಾರ ಸಂಜೆ, ಮೊದಲು ನಾಗಮಂಗಲಕ್ಕೆ, ಆಮೇಲೆ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಅಂದರು. ಎಲ್ಲವನ್ನೂ ತುಂಬಿಕೊಂಡು ಹೋಗಿ ಎಲ್ಲಿಯೋ ಬಿಚ್ಚಿ ಕರಗಿಸುತ್ತಾರಂತೆ. ಅಂದರೆ ಮರಿಸ್ವಾಮಿಯ ಕೈಯಲ್ಲಿ ಇದ್ದದ್ದು ಎರಡು ದಿನ. ಅಷ್ಟರೊಳಗೆ ಅವನು ನಲವತ್ತು ಬ್ಯಾಟರಿಗಳಲ್ಲಿ ಒಂದನ್ನು ಹುಡುಕಬೇಕಿತ್ತು. ಅದರ ಮೇಲೆ ಅವನ ಹೆಂಡತಿ ಮಾಯಮ್ಮ ತನ್ನ ಕೈಯಾರೆ ಹೆಸರು ಕೊರೆದಿದ್ದಳು. ಮಾಯಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು.

ಕಾರಿನ ಬ್ಯಾಟರಿಗೆ ಯಾರಾದರೂ ಹೆಸರು ಕೊರೆಯುತ್ತಾರೆಯೇ ಎಂದು ನೀವು ಕೇಳಬಹುದು. ಯಾರೂ ಕೊರೆಯುವುದಿಲ್ಲ. ಮಾಯಮ್ಮ ಕೊರೆದಳು, ಏಕೆಂದರೆ ಅವಳ ಕಸುಬೇ ಅದು. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಚಿಕ್ಕಸ್ವಾಮಿ ಎಂಬವನ ಪಾತ್ರೆ ಅಂಗಡಿ ಇದೆ. ಅದರ ಬಾಗಿಲ ಪಕ್ಕ ಒಂದು ಮಣೆ ಹಾಕಿಕೊಂಡು, ದಪ್ಪ ಪೆನ್ನಿನಂಥ ಕರೆಂಟಿನ ಮೆಷಿನ್ನು ಹಿಡಿದು, ಇಪ್ಪತ್ತೊಂದು ವರ್ಷ ಅವಳು ಸ್ಟೀಲಿನ ಮೇಲೆ ಅಕ್ಷರ ಬರೆದಳು. ಮದುವೆಗೆ ಕೊಡುವ ಕೊಳಗ, ಗೃಹಪ್ರವೇಶಕ್ಕೆ ಕೊಡುವ ತಟ್ಟೆ, ತಿಥಿಯ ದಿನ ಸತ್ತವರ ಹೆಸರಿನಲ್ಲಿ ಹಂಚುವ ಲೋಟ, ಯಾವುದಾದರೂ ಸರಿ, ‘ಇಂಥವರಿಗೆ ಇಂಥವರಿಂದ’ ಎಂದು ಅವಳೇ ಬರೆಯಬೇಕು. ಅವಳ ‘ಮ’ದ ಬಾಲ ಸ್ವಲ್ಪ ಉದ್ದ. ಆ ಬಾಲ ನೋಡಿಯೇ ಇದು ಪಟ್ಟಣದ ಅಂಗಡಿಯ ಪಾತ್ರೆ ಎಂದು ನಾಲ್ಕು ತಾಲ್ಲೂಕಿನ ಹೆಂಗಸರು ಗುರುತು ಹಿಡಿಯುತ್ತಿದ್ದರು.

ಹೀಗೆ ಊರಿನವರಿಗೆಲ್ಲ ಹೆಸರು ಹಾಕಿಕೊಟ್ಟವಳು ತನ್ನ ಮನೆಯ ಒಂದು ಸೌಟಿಗೂ ಹೆಸರು ಹಾಕಲಿಲ್ಲ. ಅವಳ ಅಡುಗೆಮನೆಯಲ್ಲಿ ಇದ್ದದ್ದೆಲ್ಲ ಮದುವೆಗೆ ಬಂದ ಉಡುಗೊರೆಗಳು, ಅವುಗಳ ಮೇಲೆ ಕೊಟ್ಟವರ ಹೆಸರು. ಮರಿಸ್ವಾಮಿ ಎಷ್ಟೋ ಸಲ ಛೇಡಿಸಿದ್ದ. ನಮ್ಮ ಮನೆಯ ಸೊಟ್ಟ ತಪ್ಪಲೆಯನ್ನು ಯಾರು ಎತ್ತಿಕೊಂಡು ಹೋಗುತ್ತಾರೆ, ಹೆಸರು ಹಾಕುವುದಕ್ಕೆ ಎಂದು ಅವಳು ನಗುತ್ತಿದ್ದಳು.

ಇನ್ನು ಕಾರಿನ ವಿಷಯ. ಈಗ ಬಿಡಿ, ಕರೆಂಟಿನ ಕಾರು ಎಂದರೆ ಬೀದಿಗೆ ನಾಲ್ಕು. ಮರಿಸ್ವಾಮಿ ತಂದದ್ದು ಆರು ವರ್ಷದ ಹಿಂದೆ, ಅದನ್ನು ನೋಡಲು ಜನ ಹೋಟೆಲಿನಿಂದ ಕಾಫಿ ಲೋಟ ಹಿಡಿದುಕೊಂಡೇ ಎದ್ದು ಬರುತ್ತಿದ್ದ ಕಾಲದಲ್ಲಿ. ಹಿಂದೆ ಡಿಕ್ಕಿ ಇರುವ, ನಾಲ್ಕು ಜನ ಕೂರುವ ಪುಟ್ಟ ಬಿಳಿಯ ಕಾರು. ಸದ್ದು ಎಂಬುದೇ ಇಲ್ಲ. ಹಿಂದಿನಿಂದ ಕಾರು ಬರುತ್ತಿರುವುದು ಗೊತ್ತಾಗದೆ ಎಮ್ಮೆಗಳು ರಸ್ತೆಯ ನಡುವೆ ನಿಂತುಬಿಡುತ್ತಿದ್ದವು, ಮನುಷ್ಯರೂ ಅಷ್ಟೇ. ಒಂದು ಸಲ ಚಾರ್ಜು ತುಂಬಿದರೆ ಎಂಬತ್ತು ಕಿಲೋಮೀಟರು ಓಡುತ್ತಿತ್ತು. ಖಾಲಿಯಾದರೆ ತುಂಬಲು ಅರ್ಧ ದಿನ ಬೇಕು. ಅದಕ್ಕೆ ಬೆಂಗಳೂರಿನ ಆ ಕಂಪನಿ ಒಂದು ಉಪಾಯ ಹೂಡಿತ್ತು. ನಾಲ್ಕು ಊರಿನಲ್ಲಿ ನಾಲ್ಕು ಸ್ಟೇಷನ್ನು. ಕಾರು ಒಂದು ಗುಂಡಿಯ ಮೇಲೆ ನಿಲ್ಲಬೇಕು, ಕೆಳಗಿದ್ದವನು ಹೊಟ್ಟೆಯಡಿಯ ಬ್ಯಾಟರಿ ಪೆಟ್ಟಿಗೆಯನ್ನು ಜಾಕಿಯಲ್ಲಿ ಇಳಿಸಿ, ತುಂಬಿದ ಇನ್ನೊಂದನ್ನು ಏರಿಸಬೇಕು. ಹತ್ತು ನಿಮಿಷದ ಕೆಲಸ. ಕಾರು ನಿಮ್ಮದು, ಬ್ಯಾಟರಿ ನಮ್ಮದು ಎಂದು ಕಂಪನಿಯವರು ಹೇಳಿದ್ದರು. ಮರಿಸ್ವಾಮಿ ಅದಕ್ಕೆ ತಲೆಯಾಡಿಸಿಯೂ ಇದ್ದ. ಆದರೆ ಆ ಮಾತನ್ನು ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ.

ಕಾರು ಕೊಟ್ಟದ್ದು ಶ್ರೀರಂಗಪಟ್ಟಣದ ಗಂಜಾಂ ರಸ್ತೆಯ ಸ್ಟೇಷನ್ನಿನಲ್ಲಿ. ಮಾಯಮ್ಮ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿ ಕುಂಕುಮ, ನಿಂಬೆಹಣ್ಣು ತಂದಳು. ಬೂದು ಬಣ್ಣದ ಪೆಟ್ಟಿಗೆ ಇನ್ನೂ ತಳ್ಳುಗಾಡಿಯ ಮೇಲಿತ್ತು. ಮರಿಸ್ವಾಮಿ ಒಳಗೆ ಕಂಪನಿಯವನ ಹತ್ತಿರ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಕಲಿಯುತ್ತಿದ್ದಾಗ ಹೊರಗಿನಿಂದ ಟರ್‍ರೆಂಬ ಸದ್ದು ಬಂತು. ಅವನಿಗೆ ಆ ಸದ್ದು ಚೆನ್ನಾಗಿ ಗೊತ್ತು. ಓಡಿ ಬಂದ. ಮಾಯಮ್ಮ ಗೋಡೆಯ ಪ್ಲಗ್ಗಿಗೆ ತನ್ನ ಮೆಷಿನ್ನಿನ ವಯರು ಸಿಕ್ಕಿಸಿಕೊಂಡು, ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಕ್ಷರ ಮುಗಿಸುತ್ತಿದ್ದಳು. ಏನು ಬರೆದಿದ್ದಾಳೆಂದು ನೋಡುವ ತಾಳ್ಮೆ ಅವನಿಗೆ ಎಲ್ಲಿತ್ತು? ಎದುರಿಗೆ ಕಂಪನಿಯವರು ನಿಂತಿದ್ದರು. ಅವನಿಗೆ ನಾಚಿಕೆಯಾಗಿ, ನಾಚಿಕೆಗೆ ಸಿಟ್ಟು ಬಂತು.

“ಅಲ್ಲ ಕಣಮ್ಮಿ, ನಿನ್ನೆಸ್ರು ಊರೂರು ತಿರುಗ್ಲಿ ಅಂತ ಆಸೆನಾ? ಇದು ನಮ್ದಲ್ಲ. ಇವತ್ತು ನಮ್ ಕಾರಲ್ಲಿರ್ತದೆ, ನಾಳೆ ಯಾವನ್ ಕಾರ್ಗೆ ಓಯ್ತದೋ.”

ಅವಳು ಒಂದು ಗಳಿಗೆ ಪೆಚ್ಚಾದಳು. ಕೈಯಲ್ಲಿದ್ದ ಮೆಷಿನ್ನು ನೋಡಿದಳು, ಪೆಟ್ಟಿಗೆ ನೋಡಿದಳು. ಆಮೇಲೆ ಸೆರಗಿನಿಂದ ಲೋಹದ ಪುಡಿ ಒರೆಸುತ್ತ ನಕ್ಕುಬಿಟ್ಟಳು.

“ಓಗ್ಲಿ ಬುಡಿ. ಎಸ್ರು, ಊರು ಎರಡೂ ಆಕಿವ್ನಿ. ಎಲ್ ಸುತ್ತುದ್ರೂ ಕೊನೀಗೆ ಮನೆಗೇ ಬತ್ತದೆ.”

ಕೊರೆದದ್ದನ್ನು ಅಳಿಸಲಾದೀತೇ? ಪೆಟ್ಟಿಗೆ ಕಾರಿನ ಹೊಟ್ಟೆಯಡಿಗೆ ಹೋಯಿತು. ಮರುದಿನ ಪಾಂಡವಪುರದಲ್ಲಿ ಇಳಿಯಿತು. ಅಲ್ಲಿಂದ ಯಾರ ಕಾರಿಗೆ ಹೋಯಿತೋ, ಮರಿಸ್ವಾಮಿ ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ತನ್ನ ಕಾರಿಗೇ ಬಂದಾಗಲೂ ಗುಂಡಿಗಿಳಿದು ನೋಡಲಿಲ್ಲ.

ಆದರೆ ಸ್ಟೇಷನ್ನಿನವರಿಗೂ ಡ್ರೈವರುಗಳಿಗೂ ಅದೊಂದು ತಮಾಷೆಯಾಗಿಬಿಟ್ಟಿತು. ಆ ಪೆಟ್ಟಿಗೆಗೆ ಅವರು ‘ಮಾಯಕ್ಕ’ ಎಂದೇ ಹೆಸರಿಟ್ಟರು. ಇವತ್ತು ಮಾಯಕ್ಕ ನನ್ನ ಕಾರಿನಲ್ಲಿದ್ದಾರೆ, ನೋಡ್ತಾ ಇರು ಒಳ್ಳೆಯ ಬಾಡಿಗೆ ಸಿಗುತ್ತದೆ ಎಂದು ಒಬ್ಬ. ಮಾಯಕ್ಕ ಮೇಲುಕೋಟೆ ಏರನ್ನು ಉಸಿರು ಕಟ್ಟದೆ ಹತ್ತಿಸಿದರು ಎಂದು ಇನ್ನೊಬ್ಬ. ನಾಗಮಂಗಲದ ಸ್ಟೇಷನ್ನು ನೋಡಿಕೊಳ್ಳುತ್ತಿದ್ದ ಲೋಕೇಶನಂತೂ ಫೋನು ಮಾಡಿ, ಅಕ್ಕ ನಮ್ಮೂರಿಗೆ ಬಂದವ್ರೆ, ಊಟ ಹಾಕ್ತಾ ಇದೀನಿ ಎಂದು ಚಾರ್ಜಿಗೆ ಇಟ್ಟದ್ದನ್ನು ವರದಿ ಮಾಡುತ್ತಿದ್ದ. ಮರಿಸ್ವಾಮಿ ಮೇಲೆ ಮೇಲೆ ಬೈಯುತ್ತಿದ್ದ, ಸಂಜೆ ಮನೆಗೆ ಹೋಗಿ ಎಲ್ಲವನ್ನೂ ಮಾಯಮ್ಮನಿಗೆ ಹೇಳಿ ಇಬ್ಬರೂ ನಗುತ್ತಿದ್ದರು. ಅವಳಿಗೆ ಆ ಪೆಟ್ಟಿಗೆ ಮದುವೆಮನೆಗಳಿಗೆ ಎರವಲು ಹೋಗಿ ತಿರುಗಾಡುವ ದೊಡ್ಡ ಹಂಡೆ ಇದ್ದ ಹಾಗೆ.

ಪಾತ್ರೆಯ ಲೆಕ್ಕದಲ್ಲೇ ಅವಳು ಇನ್ನೊಂದು ಕಟ್ಟಳೆ ಹಾಕಿದ್ದಳು. ಪಕ್ಕದ ಮನೆಯವರ ಪಾತ್ರೆ ವಾಪಸು ಕೊಡುವಾಗ ಬರಿದಾಗಿ ಕೊಡಬಾರದು. ಒಂದು ಹಿಡಿ ಸಕ್ಕರೆಯೋ ಎರಡು ಹೂವೋ ಇರಬೇಕು. ಬ್ಯಾಟರಿಯನ್ನೂ ಹಾಗೆಯೇ ಪೂರ್ತಿ ಖಾಲಿ ಮಾಡಿ ಕೊಡಬೇಡಿ, ಎರಡು ಕಡ್ಡಿಯಾದರೂ ಚಾರ್ಜು ಉಳಿಸಿ ಕೊಡಿ ಎಂದಿದ್ದಳು. ಮೀಟರಿನಲ್ಲಿ ಹತ್ತು ಕಡ್ಡಿ ಇರುತ್ತಿದ್ದವು. ಎರಡು ಕಡ್ಡಿ ಎಂದರೆ ಹದಿನಾರು ಕಿಲೋಮೀಟರು ಕಳೆದುಕೊಂಡಂತೆ. ಮರಿಸ್ವಾಮಿ ಗೊಣಗುತ್ತಲೇ ಆರು ವರ್ಷ ಅದನ್ನು ನಡೆಸಿದ.

ಹೋದ ವರ್ಷ ಕಾರ್ತಿಕದಲ್ಲಿ, ಮದುವೆಯ ಸುಗ್ಗಿ, ಅಂಗಡಿಯ ಮುಂದೆ ಪಾತ್ರೆಯ ರಾಶಿ. ಪ್ರಮೀಳಾ ಎಂಬ ಮದುವಣಗಿತ್ತಿಯ ಕೊಳಗಕ್ಕೆ ಹೆಸರು ಬರೆಯುತ್ತಿದ್ದ ಮಾಯಮ್ಮ ‘ಪ್ರಮೀ’ ಎಂಬಲ್ಲಿಗೆ ಮೆಷಿನ್ನಿನ ಮೇಲೆಯೇ ವಾಲಿಕೊಂಡಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಮರಿಸ್ವಾಮಿ ಆಗ ಕೆ.ಆರ್. ಪೇಟೆಯಲ್ಲಿದ್ದ. ಪೆಟ್ಟಿಗೆ ಬದಲಾಯಿಸಿಕೊಂಡು ಎದ್ದೆನೋ ಬಿದ್ದೆನೋ ಎಂದು ಮೈಸೂರಿನ ಆಸ್ಪತ್ರೆಗೆ ಬರುವಷ್ಟರಲ್ಲಿ ಅವಳ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅವನು ಅಲ್ಲಿ ಅಳಲಿಲ್ಲ. ಕಾರಿಗೆ ಬಂದು ಕೂತು, ಸದ್ದಿಲ್ಲದ ಆ ಕಾರಿನಲ್ಲಿ ಗಾಜು ಏರಿಸಿಕೊಂಡು, ಎದೆ ಬಿರಿಯುವಂತೆ ಅತ್ತ.

ಅರ್ಧ ಹೆಸರಿನ ಕೊಳಗವನ್ನು ಮದುವೆಯವರು ಮುಟ್ಟಲಿಲ್ಲ. ಅವರನ್ನು ಏನೂ ಅನ್ನುವಂತಿಲ್ಲ. ಚಿಕ್ಕಸ್ವಾಮಿ ಅದನ್ನೂ ಅವಳ ಮೆಷಿನ್ನನ್ನೂ ಒಂದು ಬಟ್ಟೆಚೀಲದಲ್ಲಿ ಹಾಕಿ ತಲೆತಗ್ಗಿಸಿ ತಂದುಕೊಟ್ಟ. ಹನ್ನೊಂದನೆಯ ದಿನ ಅವಳ ಹೆಸರಿನಲ್ಲಿ ಲೋಟ ಹಂಚೋಣವೆಂದರೆ ಹೆಸರು ಹಾಕುವವರೇ ಇರಲಿಲ್ಲ. ಮಗಳು ಹೇಮಶ್ರೀ ಮೈಸೂರಿನಲ್ಲಿ ಬೇರೆ ಕಡೆ ಹಾಕಿಸೋಣ ಎಂದಳು. ಮರಿಸ್ವಾಮಿ ಬೇಡವೆಂದ. ಅವಳ ಹೆಸರನ್ನು ಬೇರೆ ಕೈಯಲ್ಲಿ ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಕೊಳಗವನ್ನು ಅಟ್ಟಕ್ಕೆ ಹಾಕಿದ. ಮೆಷಿನ್ನಿನ ಚೀಲ ಡಿಕ್ಕಿಯಲ್ಲಿಯೇ ಉಳಿಯಿತು. ಹಂಚುವ ಲೋಟದ ಮಾತು ಅಲ್ಲಿಗೆ ನಿಂತರೂ ಅವನ ತಲೆಯಲ್ಲಿ ಒಂದು ಹುಳು ಕೊರೆಯಲು ಹತ್ತಿತು. ಊರಿಗೆಲ್ಲ ಹೆಸರು ಬರೆದವಳ ಹೆಸರು ಅವಳದೇ ಅಕ್ಷರದಲ್ಲಿ ಎಲ್ಲಿದೆ? ಮನೆಯೆಲ್ಲ ತಡಕಾಡಿದ. ಅವಳಿಗೆ ಪೇಪರಿನ ಮೇಲೆ ಬರೆಯುವ ಅಭ್ಯಾಸವಿರಲಿಲ್ಲ, ಬ್ಯಾಂಕಿನಲ್ಲಿ ಹೆಬ್ಬೆಟ್ಟೇ ಒತ್ತುತ್ತಿದ್ದಳು, ಪೆನ್ನು ಹಿಡಿದರೆ ಕೈ ನಡುಗುತ್ತದೆ ಎನ್ನುತ್ತಿದ್ದಳು. ಇದ್ದದ್ದು ಒಂದೇ ಕಡೆ, ಆ ಪೆಟ್ಟಿಗೆಯ ಮೇಲೆ. ಅದು ಹೇಗೂ ಸುತ್ತುತ್ತಿದೆ, ಒಂದಲ್ಲ ಒಂದು ದಿನ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿದ್ದ. ಅವಳು ಹೋದ ಮೇಲೆ ಡ್ರೈವರುಗಳು ಅವನೆದುರು ಆ ತಮಾಷೆ ನಿಲ್ಲಿಸಿದ್ದರು, ಇವನೂ ಬಾಯಿಬಿಟ್ಟು ಕೇಳಲಿಲ್ಲ. ಈಗ ಕಂಪನಿಯೇ ಮುಚ್ಚುತ್ತಿತ್ತು.

ಶನಿವಾರ ಗಂಜಾಂ ಸ್ಟೇಷನ್ನಿನ ಒಂಬತ್ತು ಪೆಟ್ಟಿಗೆಗಳನ್ನು ಮಂಡಿಯೂರಿ ಒಂದೊಂದಾಗಿ ನೋಡಿದ. ಇರಲಿಲ್ಲ. ಭಾನುವಾರ ಬೆಳಗ್ಗೆ ಪಾಂಡವಪುರದಲ್ಲಿ ಎಂಟು ನೋಡಿದ. ಅಲ್ಲಿಯೂ ಇರಲಿಲ್ಲ. ಅದೇ ಊರಿಗೆ ಮದುವೆಯಾಗಿದ್ದ ಹೇಮಶ್ರೀಯ ಮನೆಗೆ ಹೋದಾಗ ಅವಳು ಅಪ್ಪನ ಮುಖ ನೋಡಿ ಒಳಗೆ ಕರೆದು ಕಾಫಿ ಕೊಟ್ಟಳು. ಸ್ಟೀಲಿನ ಲೋಟ, ಮದುವೆಯಲ್ಲಿ ಇವರೇ ಕೊಟ್ಟದ್ದು. ‘ಹೇಮಶ್ರೀಗೆ, ಅಪ್ಪ ಅಮ್ಮನಿಂದ’ ಎಂದಿತ್ತು. ಮರಿಸ್ವಾಮಿ ಉದ್ದ ಬಾಲದ ಆ ‘ಮ’ಗಳ ಮೇಲೆ ಹೆಬ್ಬೆರಳು ಸವರಿದ. ಇಲ್ಲಾದರೂ ಅವಳು ತನ್ನ ಹೆಸರು ಬರೆಯಬಾರದಾಗಿತ್ತೇ ಎಂದು ಕೇಳಿದ, ಸುಮ್ಮನೆ. ನಾನೂ ಅಮ್ಮನನ್ನು ಅದನ್ನೇ ಕೇಳಿದ್ದೆ, ನಿನಗೆ ನಾನು ಅಮ್ಮ ತಾನೇ, ಬೇರೆ ಹೆಸರು ಯಾಕೆ ಅಂದಿದ್ದಳು ಎಂದು ಹೇಮಶ್ರೀ ಹೇಳಿದಳು. ಮರಿಸ್ವಾಮಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಕೆ.ಆರ್. ಪೇಟೆಗೆ ಹೋಗುವ ದಾರಿಯುದ್ದಕ್ಕೂ ಅವನು ಎದುರು ಬರುವ ಬಿಳಿ ಕಾರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಲ್ಲಿದ್ದದ್ದು ಆರೇ ಪೆಟ್ಟಿಗೆ, ಅವುಗಳಲ್ಲೂ ಇಲ್ಲ. ಆದರೆ ಅಲ್ಲಿನವನು ಒಂದು ಮಾತು ಹೇಳಿದ. ಮಾಯಕ್ಕನನ್ನು ಬೆಳಗ್ಗೆ ತಾನೇ ಸಿದ್ದೇಶನ ಕಾರಿಗೆ ಹಾಕಿಕೊಟ್ಟೆ, ಹೊಣಕೆರೆಗೆ ಬಾಡಿಗೆ ಹೋಗಿದ್ದಾನೆ, ಅಲ್ಲಿಂದ ನೇರ ನಾಗಮಂಗಲಕ್ಕೆ ಹೋಗಿ ಪೆಟ್ಟಿಗೆ ಒಪ್ಪಿಸುತ್ತಾನೆ ಎಂದ. ಮರಿಸ್ವಾಮಿ ನೀರೂ ಕುಡಿಯದೆ ಹೊರಟ.

ನಾಗಮಂಗಲ ತಲುಪಿದಾಗ ಲಾರಿ ಆಗಲೇ ಬಂದು ನಿಂತಿತ್ತು. ಲೋಕೇಶ ಒಂದೊಂದೇ ಪೆಟ್ಟಿಗೆ ಹೊರಗಿಡುತ್ತಿದ್ದ. ಸಾಗಿಸುವ ಮೊದಲು ಎಲ್ಲವನ್ನೂ ಪೂರ್ತಿ ಖಾಲಿ ಮಾಡಬೇಕೆಂದು ಅಪ್ಪಣೆಯಾಗಿತ್ತು. ಮರಿಸ್ವಾಮಿ ತನ್ನ ಕಾರಿನ ಕೆಳಗಿದ್ದದ್ದನ್ನೂ ಇಳಿಸಿಕೊಟ್ಟ. ಅಲ್ಲಿಗೆ ಅವನ ಕಾರು ನಿಂತಲ್ಲೇ ನಿಂತ ಡಬ್ಬ. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ರಸ್ತೆಗೆ ಕಣ್ಣು ನೆಟ್ಟ.

ಸಿದ್ದೇಶ ಬಂದಾಗ ನಾಲ್ಕು ಗಂಟೆ. ವಿಷಯ ಗೊತ್ತಾಗಿ ಅವನು ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದ. ಜಾಕಿ ಇಳಿಯಿತು. ಲೋಕೇಶ ಪೆಟ್ಟಿಗೆಯನ್ನು ತಳ್ಳುಗಾಡಿಗೆ ಎಳೆದು, ನೆಲದಲ್ಲಿ ಹಾಸಿದ ಹಳೆಯ ಗೋಣಿಚೀಲದ ಪಕ್ಕ ತಂದು ನಿಲ್ಲಿಸಿದ. ಮೈಯೆಲ್ಲ ಕೆಸರು. ಮರಿಸ್ವಾಮಿ ಹೆಗಲ ಟವೆಲನ್ನು ಒದ್ದೆ ಮಾಡಿ, ಮಗುವಿನ ಮುಖ ಒರೆಸಿದಂತೆ ಮೆಲ್ಲಗೆ ಒರೆಸಿದ. ಮೊದಲು ಕಂಡದ್ದು ‘ಮ’. ಅದೇ ಉದ್ದ ಬಾಲ. ಇನ್ನಷ್ಟು ಒರೆಸಿದ. ಮುಂದಿನ ಅಕ್ಷರ ‘ರಿ’.

‘ಮರಿಸ್ವಾಮಿ, ಬೆಳಗೊಳ.’

ಅಷ್ಟೇ. ಅದರ ಕೆಳಗೆ ಏನೂ ಇರಲಿಲ್ಲ. ಅವನು ಪೆಟ್ಟಿಗೆಯ ನಾಲ್ಕೂ ಮಗ್ಗುಲು ಒರೆಸಿ ನೋಡಿದ. ಬೇರೆಲ್ಲೂ ಒಂದು ಗೀರೂ ಇಲ್ಲ. ಅವಳ ಪ್ರಕಾರ ಕಾರು ಗಂಡನದು, ಪೆಟ್ಟಿಗೆ ಗಂಡನದು, ಯಾರದೋ ಅವರ ಹೆಸರು ತಾನೇ ಹಾಕಬೇಕಾದದ್ದು? ಇಪ್ಪತ್ತೊಂದು ವರ್ಷ ಅವಳು ಮಾಡಿದ್ದೇ ಅದು. ನಿನ್ನ ಹೆಸರು ಊರೂರು ತಿರುಗಲಿ ಅಂತ ಆಸೆಯಾ ಎಂದು ನಾಲ್ಕು ಜನರ ಮುಂದೆ ಬೈದಾಗಲೂ ಅವಳು, ಇದು ನನ್ನ ಹೆಸರಲ್ಲ ನಿಮ್ಮದು ಎಂದು ಹೇಳಲಿಲ್ಲ. ಆರು ವರ್ಷ ನಾಲ್ಕು ತಾಲ್ಲೂಕು ಸುತ್ತಿದ್ದು ಅವನ ಹೆಸರೇ. ಗೋಣಿಚೀಲದ ಮೇಲೆ ಕೂತು, ಪೆಟ್ಟಿಗೆಗೆ ಹಣೆ ಕೊಟ್ಟು ಮರಿಸ್ವಾಮಿ ಬಿಕ್ಕಿದ. ಲಾರಿಯವರು ಆ ಕಡೆ ಮುಖ ತಿರುಗಿಸಿಕೊಂಡರು.

“ನಿಮ್ಗೆ ಗೊತ್ತೈತೆ ಅಂದ್ಕಂಡಿದ್ವಿ ಕಣಣ್ಣ,” ಎಂದ ಲೋಕೇಶ. “ಬರ್ದೋರು ಅಕ್ಕ ಅಲ್ವಾ, ಅದ್ಕೆ ನಾವೆಲ್ಲ ಮಾಯಕ್ಕ ಅಂತಿದ್ದೋ.”

ಸ್ವಲ್ಪ ಹೊತ್ತಿನ ಮೇಲೆ ಮರಿಸ್ವಾಮಿ ಎದ್ದ. ಡಿಕ್ಕಿ ತೆಗೆದು ಬಟ್ಟೆಚೀಲದಿಂದ ಮೆಷಿನ್ನು ಹೊರಗೆ ತೆಗೆದ. ಹಿಡಿಯಲ್ಲಿ ಅವಳು ಸುತ್ತಿದ ಹಳೆಯ ಸೀರೆಯ ಅಂಚು ಹಾಗೇ ಇತ್ತು. ಪ್ಲಗ್ಗು ಎಲ್ಲಿದೆ ಎಂದು ಕೇಳಿದ. ಕಂಪನಿಯ ಸ್ವತ್ತಿಗೆ ಗೀರು ಹಾಕುವಂತಿಲ್ಲ ಎಂದು ಲಾರಿಯ ಮೇಸ್ತ್ರಿ ಬಾಯಿ ತೆಗೆದ. ಸಿದ್ದೇಶ ಅವನ ಹೆಗಲ ಮೇಲೆ ಕೈ ಹಾಕಿ, ಬನ್ನಿ ಟೀ ಕುಡಿಯೋಣ ಎಂದು ರಸ್ತೆಯಾಚೆ ಕರೆದುಕೊಂಡು ಹೋದ.

ಮರಿಸ್ವಾಮಿ ಜನ್ಮದಲ್ಲಿ ಆ ಮೆಷಿನ್ನು ಹಿಡಿದವನಲ್ಲ. ಒತ್ತಿದರೆ ಕೈಯೆಲ್ಲ ಅದುರಿತು. ಮೊದಲ ಗೆರೆ ಎಲ್ಲೋ ಹೋಯಿತು. ಅವಳು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದ ಮೂರು ಅಕ್ಷರಕ್ಕೆ ಅವನಿಗೆ ಕಾಲು ಗಂಟೆ ಬೇಕಾಯಿತು. ಸೊಟ್ಟಸೊಟ್ಟಗೆ, ಒಂದು ದೊಡ್ಡದು ಒಂದು ಚಿಕ್ಕದು, ಅವನ ಹೆಸರಿನ ಕೆಳಗೆ ‘ಮಾಯಮ್ಮ’ ಎಂದು ಮೂಡಿತು. ಎರಡೂ ‘ಮ’ಗಳ ಬಾಲವನ್ನು ಅವಳ ಹಾಗೆ ಉದ್ದ ಎಳೆಯಲು ನೋಡಿದ, ಬರಲಿಲ್ಲ. ಪುಡಿಯನ್ನು ಟವೆಲಿನಿಂದ ಒರೆಸಿದ.

ಇದನ್ನು ಬರಿದು ಮಾಡಿ ಕಳಿಸಬೇಡ, ಅವಳಿಗೆ ಆಗುತ್ತಿರಲಿಲ್ಲ ಎಂದು ಲೋಕೇಶನಿಗೆ ಹೇಳಿದ. ಲೋಕೇಶ ಸುತ್ತ ನೋಡಿ, ಖಾಲಿ ಮಾಡುವ ವಯರನ್ನು ಅದಕ್ಕೆ ಸಿಕ್ಕಿಸಲೇ ಇಲ್ಲ. ಮೀಟರಿನಲ್ಲಿ ಎರಡು ಕಡ್ಡಿ ಇತ್ತು. ಅಕ್ಕನ ಕಟ್ಟಳೆಯೆಂದು ಸಿದ್ದೇಶನೂ ಉಳಿಸಿ ತಂದಿದ್ದ.

ಪೆಟ್ಟಿಗೆಯನ್ನು ಲಾರಿಗೆ ಏರಿಸುವಾಗ ಲೋಕೇಶ ಬಗ್ಗಿ ಎರಡೂ ಸಾಲು ಓದಿದ. ಆಮೇಲೆ ತಡೆಯಲಾರದೆ ಕೇಳಿದ.

“ಅಣ್ಣ, ಅಕ್ಕನ ಎಸ್ರೇನೋ ಬರುದ್ರಿ. ಊರು ಆಕ್ನೇ ಇಲ್ವಲ್ಲ?”

ಮರಿಸ್ವಾಮಿ ಮೆಷಿನ್ನಿನ ವಯರನ್ನು ಅವಳು ಸುತ್ತುತ್ತಿದ್ದ ಹಾಗೆಯೇ ಅಂಗೈಗೆ ಸುತ್ತುತ್ತ ನಿಂತಿದ್ದ.

“ಯಾವೂರು ಅಂತ ಆಕ್ಲಿ, ಲೋಕೇಶ?” ಎಂದ.